ಒಂದೇ ನೀರು, ಎರಡು ತಟ್ಟೆ

ಮೀಸೆ ಚಿಗುರುವ ವಯಸ್ಸಿನ ಹುಡುಗ. ನೆಟ್ಟಗೆ ನಿಲ್ಲು ಅಂದರೆ ನಿಲ್ಲುತ್ತಾನೆ. ಮೊಣಕಾಲುಗಳೆರಡೂ ಒಂದಕ್ಕೊಂದು ಒತ್ತಿಕೊಂಡಿವೆ, ಅಲ್ಲಿಂದ ಕೆಳಗೆ ಕಾಲುಗಳು ಹೊರಕ್ಕೆ ಸೊಟ್ಟಗಾಗಿವೆ. ಹಿಮ್ಮಡಿ ಕೂಡಿಸು ಅಂದರೆ ಆಗುವುದಿಲ್ಲ. ನಡೆದರೆ ಮೊಣಕಾಲು ಮೊಣಕಾಲಿಗೆ ಉಜ್ಜುತ್ತದೆ. 1970ರ ದಶಕದ ಆರಂಭದಲ್ಲಿ ಆಂಧ್ರದ ಒಣ ಸೀಮೆಯ ಹಳ್ಳಿಗಳಲ್ಲಿ ಇಂಥ ಹುಡುಗರು ಕಾಣಿಸತೊಡಗಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಈ ಹುಡುಗರನ್ನು ಪರೀಕ್ಷಿಸಿ, ಎಕ್ಸ್‌ರೇ ತೆಗೆಸಿ, 1973ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. ಇದು ಫ್ಲೋರೈಡ್ ನೀರಿನ ಸೀಮೆಯಲ್ಲೇ ಇದೆ, ಆದರೆ ಈವರೆಗೆ ನಾವು ಕಂಡ ಫ್ಲೋರೋಸಿಸ್ ಹೀಗಿರಲಿಲ್ಲ ಎಂಬುದು ಅದರ ಸಾರ.

ಈವರೆಗೆ ಕಂಡ ಫ್ಲೋರೋಸಿಸ್ ಹೇಗಿತ್ತು ಎನ್ನುವುದಕ್ಕೆ 1937ಕ್ಕೆ ಹೋಗಬೇಕು. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ನಡುವಯಸ್ಸಿನ ರೈತರ ಬೆನ್ನು ಮರಗಟ್ಟುತ್ತಿತ್ತು. ಕತ್ತು ತಿರುಗುತ್ತಿರಲಿಲ್ಲ, ಬಗ್ಗಿದರೆ ಏಳಲಾಗುತ್ತಿರಲಿಲ್ಲ. ಮನುಷ್ಯರಿಗಿಂತ ಮೊದಲು ರೈತರ ಕಣ್ಣಿಗೆ ಬಿದ್ದದ್ದು ಎತ್ತುಗಳು ಎನ್ನುತ್ತಾರೆ. ಕೀಲು ಬಿಗಿದು, ನೇಗಿಲಿಗೆ ಕಟ್ಟಿದರೆ ಹೆಜ್ಜೆ ಕಿತ್ತಿಡದ ಎತ್ತುಗಳು. ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ಶಾರ್ಟ್, ಸಿ.ಜಿ. ಪಂಡಿತ್, ರಾಘವಾಚಾರಿ ಮತ್ತವರ ಸಂಗಡಿಗರು ಬಾವಿ ನೀರನ್ನು ಪರೀಕ್ಷೆಗೆ ಹಾಕಿದರು, ಫ್ಲೋರೈಡ್ ಸಿಕ್ಕಿತು. ವರ್ಷಗಟ್ಟಲೆ ಕುಡಿದ ಫ್ಲೋರೈಡ್ ಮೂಳೆಯಲ್ಲಿ ಸೇರಿ ಅದನ್ನು ಗಟ್ಟಿ ಮಾಡುತ್ತದೆ, ಅಸ್ಥಿಬಂಧಗಳನ್ನೂ ಮೂಳೆಯಂತಾಗಿಸುತ್ತದೆ. ಕತೆ ಅಲ್ಲಿಗೆ ಮುಗಿದ ಹಾಗೆ ಕಂಡಿತು. ನೀರು ಕೆಟ್ಟದ್ದು, ನೀರು ಬದಲಿಸಿ.

1973ರ ಹುಡುಗರು ಈ ಲೆಕ್ಕಕ್ಕೆ ಸಿಗಲಿಲ್ಲ. ಮೊದಲನೆಯದಾಗಿ ಅವರು ಹುಡುಗರು. ರೋಗ ಬರಲು ಮೂವತ್ತು ನಲವತ್ತು ವರ್ಷ ನೀರು ಕುಡಿದವರಲ್ಲ. ಎರಡನೆಯದು, ಬೆನ್ನುಮೂಳೆ ಹಳೆಯ ಫ್ಲೋರೋಸಿಸ್‌ನಂತೆ ಗಟ್ಟಿಯಾಗಿದ್ದರೂ ಕೈಕಾಲುಗಳ ಮೂಳೆ ಎಕ್ಸ್‌ರೇಯಲ್ಲಿ ತೆಳುವಾಗಿ ಸವೆದಂತೆ ಕಾಣುತ್ತಿತ್ತು. ಒಂದೇ ದೇಹದಲ್ಲಿ ಒಂದು ಕಡೆ ಮೂಳೆ ಕೂಡಿಕೆ, ಇನ್ನೊಂದು ಕಡೆ ಮೂಳೆ ಕಳವು. ಮೂರನೆಯದೇ ನಮ್ಮ ಈ ಬರಹಕ್ಕೆ ಬೇಕಾದದ್ದು: ಕಾಲು ಸೊಟ್ಟಗಾದವರು ಹೆಚ್ಚಾಗಿ ಜೋಳ ಉಣ್ಣುವ ಮನೆಯವರು. ಅಂಥದೇ ನೀರು ಕುಡಿದು ಅನ್ನ ಉಣ್ಣುವವರಲ್ಲಿ ಅದು ಅಷ್ಟಾಗಿ ಇರಲಿಲ್ಲ.

ಜೋಳದ ಮೇಲೆ ಅನುಮಾನ ಪಟ್ಟದ್ದು ಪೋಷಣಾ ಸಂಸ್ಥೆಗೆ ಹೊಸದೇನೂ ಆಗಿರಲಿಲ್ಲ. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಕೂನೂರಿನಲ್ಲಿ ಒಂದು ಕೋಣೆಯಲ್ಲಿ ಬೆರಿಬೆರಿ ವಿಚಾರಣೆ ಎಂದು ಶುರು ಮಾಡಿದ್ದು ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂತು. ಬೆಟ್ಟದ ಮೇಲಿನ ತಂಪಿನಿಂದ ದಖನ್ನಿನ ಬಿಸಿಲಿಗೆ ಇಳಿದ ಮೇಲೆ ಸಂಸ್ಥೆಯ ಬಾಗಿಲಿಗೆ ಬರುವ ರೋಗಿಗಳೇ ಬದಲಾದರು. ಉಸ್ಮಾನಿಯಾ ಆಸ್ಪತ್ರೆಯಲ್ಲಿ ಪೆಲಾಗ್ರಾ ಕಾಣುತ್ತಿತ್ತು. ಬಿಸಿಲು ಬೀಳುವ ಜಾಗದಲ್ಲೆಲ್ಲ ಚರ್ಮ ಕಪ್ಪಾಗಿ ಸುಲಿಯುವುದು, ಕತ್ತಿನ ಸುತ್ತ ಹಾರ ಹಾಕಿದಂಥ ಕಲೆ, ಭೇದಿ, ಕೊನೆಗೆ ಮನಸ್ಸಿನ ಸ್ಥಿಮಿತ ತಪ್ಪುವುದು. ಯುರೋಪು, ಅಮೆರಿಕಗಳಲ್ಲಿ ಇದು ಮೆಕ್ಕೆಜೋಳ ಉಣ್ಣುವ ಬಡವರ ರೋಗ. ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವದ ಕೊರತೆ ಎಂದು 1937ರಲ್ಲೇ ಅಮೆರಿಕದ ಎಲ್ವೆಹ್ಜೆಮ್ ತೋರಿಸಿಯಾಗಿತ್ತು. ಹೈದರಾಬಾದಿನ ಸುತ್ತ ಮೆಕ್ಕೆಜೋಳ ಯಾರು ತಿನ್ನುತ್ತಿದ್ದರು? ಅಲ್ಲಿನವರದು ಬಿಳಿಜೋಳ. ನಮ್ಮ ರೊಟ್ಟಿಯ ಜೋಳ.

ಜೋಳದಲ್ಲಿ ನಯಾಸಿನ್ ಅಷ್ಟೇನೂ ಕಡಿಮೆಯಿಲ್ಲ, ದೇಹ ನಯಾಸಿನ್ ತಯಾರಿಸಿಕೊಳ್ಳುವ ಟ್ರಿಪ್ಟೊಫಾನ್ ಕೂಡ ಮೆಕ್ಕೆಜೋಳದಷ್ಟು ಕಡಿಮೆಯಿಲ್ಲ. ಹಾಗಿದ್ದರೆ ರೋಗ ಎಲ್ಲಿಂದ? ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಇದಕ್ಕೊಂದು ಉತ್ತರ ಮುಂದಿಟ್ಟರು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ವಿಪರೀತ, ಅದು ಟ್ರಿಪ್ಟೊಫಾನ್ ನಯಾಸಿನ್ ಆಗುವ ದಾರಿಗೆ ಅಡ್ಡಬರುತ್ತದೆ ಎಂದು. ಭವಾನಿ ಬೆಳವಾಡಿ ಮುಂತಾದವರು ನಾಯಿಗಳ ಮೇಲೆ ಪ್ರಯೋಗ ಮಾಡಿ ಇದಕ್ಕೆ ಬಲ ಕೊಟ್ಟರು. ಹೊರದೇಶದ ಕೆಲವು ಪ್ರಯೋಗಾಲಯಗಳಿಗೆ ಇದು ಒಪ್ಪಿಗೆಯಾಗಲಿಲ್ಲ, ವಾದ ಬಹಳ ವರ್ಷ ನಡೆಯಿತು. ಆ ವಾದದ ಒಳಹೊರಗು ಇಲ್ಲಿ ಬೇಡ. ನನಗೆ ಮುಖ್ಯವಾಗಿ ಕಾಣುವುದು ಅವರು ಕೇಳಿಕೊಂಡ ಪ್ರಶ್ನೆಯ ರೀತಿ. ಆಹಾರದಲ್ಲಿ ಏನು ಇಲ್ಲ ಎಂದು ಹುಡುಕುವುದು ಆವರೆಗಿನ ಪದ್ಧತಿ. ಇವರು ಏನು ಹೆಚ್ಚಾಗಿದೆ, ಅದು ಬೇರೆ ಯಾವುದರ ಜೊತೆ ಸೇರಿದಾಗ ತೊಂದರೆ ಎಂದು ನೋಡಿದರು. ಬರೀ ಜೋಳವನ್ನೇ ನೆಚ್ಚಿಕೊಂಡ ಕಡುಬಡವರಲ್ಲಿ ಪೆಲಾಗ್ರಾ. ರೊಟ್ಟಿಯ ಜೊತೆ ಶೇಂಗಾ ಚಟ್ನಿ, ಬೇಳೆ, ಮೊಸರು ಇದ್ದ ತಟ್ಟೆಗೆ ಆ ಭಯವಿಲ್ಲ. ಶೇಂಗಾದಲ್ಲಂತೂ ನಯಾಸಿನ್ ಹೇರಳ.

ಈ ಕಣ್ಣು ಇದ್ದದ್ದರಿಂದಲೇ ಮೊಣಕಾಲಿನ ಒಗಟು ಬಂದಾಗ ಸಂಸ್ಥೆಯವರು ತಟ್ಟೆಯನ್ನೂ ನೋಡಿದರು.

ಆ ಹುಡುಗರ ಸೀಮೆಯ ನಾಗಾರ್ಜುನ ಸಾಗರದ ಅಣೆಕಟ್ಟು ಆಗ ಹೊಸದು. ಕಾಲುವೆ, ಜಲಾಶಯಗಳಿಂದ ಜಿನುಗಿದ ನೀರಿನಿಂದ ಸುತ್ತಲಿನ ಅಂತರ್ಜಲ ಮೇಲೆದ್ದಿತ್ತು, ಮಣ್ಣಿನ ಕ್ಷಾರ ಹೆಚ್ಚಿತ್ತು. ಕ್ಷಾರ ಹೆಚ್ಚಾದ ಮಣ್ಣಿನಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಬೇರಿಗೆ ಸುಲಭವಾಗಿ ಸಿಗುತ್ತದೆ. ಅಲ್ಲಿ ಬೆಳೆದ ಜೋಳದಲ್ಲಿ ಅದರ ಪ್ರಮಾಣ ಏರಿತ್ತು. ತಮಿಳುನಾಡಿನ ಪರಂಬಿಕುಳಂ–ಆಳಿಯಾರ್ ಸೀಮೆಯಿಂದಲೂ ನಮ್ಮ ಹೊಸಪೇಟೆ ಅಣೆಕಟ್ಟಿನ ಕಡೆಯಿಂದಲೂ ಇಂಥದೇ ಮೊಣಕಾಲಿನ ವರದಿಗಳು ಬಂದವು. ನೀರಾವರಿ ಬಂದು ಬರ ಹೋಗುತ್ತದೆ ಎಂದು ಕಾದು ಕೂತ ಜನಕ್ಕೆ ಇದು ಬಂದದ್ದು ವಿಪರ್ಯಾಸ. ಆದರೆ ಅಣೆಕಟ್ಟು ಕಟ್ಟಿದ ಎಂಜಿನಿಯರಿಗೆ ಜೋಳದ ತೆನೆಯಲ್ಲಿ ಮಾಲಿಬ್ಡಿನಮ್ ಏರುತ್ತದೆ ಎಂದು ಹೊಳೆಯುವುದಾದರೂ ಹೇಗೆ?

ಮಾಲಿಬ್ಡಿನಮ್ ಏರಿದರೆ ಏನಾಗುತ್ತದೆ? ವೈ.ಜಿ. ದೇವಸ್ಥಳೆ ಮತ್ತು ಗೋಪಾಲನ್ 1974ರಲ್ಲಿ ಇದನ್ನು ಮನುಷ್ಯರಲ್ಲೇ ನೋಡಿದರು. ಮಾಲಿಬ್ಡಿನಮ್ ಕಡಿಮೆಯಿರುವ ಜೋಳ, ಹೆಚ್ಚಿರುವ ಜೋಳ ಉಣ್ಣಿಸಿ ಮೂತ್ರ ಹಿಡಿದು ಅಳೆದರು. ಮಾಲಿಬ್ಡಿನಮ್ ಹೆಚ್ಚಾದಷ್ಟೂ ಮೂತ್ರದಲ್ಲಿ ತಾಮ್ರ ಹೆಚ್ಚು ಹೋಗುತ್ತಿತ್ತು. ಬೆಳೆಯುವ ಮೂಳೆಗೆ ತಾಮ್ರ ಬೇಕು. ಒಂದು ಕಡೆ ತಾಮ್ರದ ಸೋರಿಕೆ, ಇನ್ನೊಂದು ಕಡೆ ಫ್ಲೋರೈಡಿನ ಹೊರೆ, ಅದರ ಮೇಲೆ ಹಾಲು ಮೊಸರು ಕಾಣದ ಮನೆಯ ಕ್ಯಾಲ್ಸಿಯಂ ಅಭಾವ. ಮೂರೂ ಸೇರಿದ್ದು ಬೆಳೆಯುವ ವಯಸ್ಸಿನ ಕಾಲಿನ ಮೇಲೆ.

ಆದರೂ ಒಂದು ಕೊಂಡಿ ಬಾಕಿಯಿತ್ತು. ಜೋಳ ಉಣ್ಣುವವನ ದೇಹದಲ್ಲಿ ಫ್ಲೋರೈಡ್ ನಿಜಕ್ಕೂ ಹೆಚ್ಚು ಉಳಿಯುತ್ತದೆಯೇ? ಲಕ್ಷ್ಮಯ್ಯ ಮತ್ತು ಶ್ರೀಕಂಠಯ್ಯ 1977ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಲು ಬಲು ಸರಳ, ಮಾಡಲು ಬಲು ಬೇಸರದ್ದು. ಒಂದಿಷ್ಟು ಜನಕ್ಕೆ ಕೆಲವು ದಿನ ಅನ್ನದ ಊಟ, ಕೆಲವು ದಿನ ಜೋಳದ ಊಟ. ಒಳಗೆ ಹೋಗುವ ಫ್ಲೋರೈಡ್ ಎಷ್ಟೆಂದು ಗೊತ್ತಿರಬೇಕು, ಹೊರಗೆ ಬರುವ ಮಲಮೂತ್ರವನ್ನೆಲ್ಲ ಹಿಡಿದಿಟ್ಟು ಅದರಲ್ಲಿ ಎಷ್ಟೆಂದು ಅಳೆಯಬೇಕು. ಹೋದದ್ದರಲ್ಲಿ ಬಂದದ್ದನ್ನು ಕಳೆದರೆ ದೇಹದಲ್ಲಿ ಉಳಿದದ್ದು. ಜೋಳದ ದಿನಗಳಲ್ಲಿ ಉಳಿದ ಫ್ಲೋರೈಡ್ ಅನ್ನದ ದಿನಗಳಿಗಿಂತ ಹೆಚ್ಚಿತ್ತು. ನೀರಿನ ವರದಿಯಲ್ಲಿ ಬರೆದ ಅಂಕಿ ಒಂದೇ ಇದ್ದರೂ ಉಣ್ಣುವವನ ಮೂಳೆಗೆ ಸೇರುವ ಪಾಲು ಒಂದೇ ಅಲ್ಲ ಎಂದಾಯಿತು.

ಇಷ್ಟು ಹೇಳಿ ಜೋಳವನ್ನು ಖಳನಾಯಕ ಮಾಡುವುದು ತಪ್ಪು. ಜೋಳ ಉಂಡು ಗಟ್ಟಿಮುಟ್ಟಾಗಿ ಬಾಳಿದ ತಲೆಮಾರುಗಳು ಕಣ್ಣ ಮುಂದಿವೆ. ಜೋಳ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಅರೆಬರೆ. ಯಾವ ಹೊಲದ್ದು, ಯಾವ ನೀರಿನ ಜೊತೆ, ಯಾವ ವಯಸ್ಸಿನ ಬಾಯಿಗೆ, ತಟ್ಟೆಯಲ್ಲಿ ಇನ್ನೇನಿದೆ ಎಂದು ಕೇಳದೆ ಉತ್ತರವಿಲ್ಲ.

ಇದೇ ಪ್ರಶ್ನೆಗಳನ್ನು ಹೊತ್ತು ಈಗ ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಬರೋಣ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ಪೂರ್ವಕ್ಕೆ ದಾಟಿದರೆ ಅನಂತಪುರದ ಸೀಮೆ. ನೆಲ, ಬಿಸಿಲು, ಬೋರ್‌ವೆಲ್ಲಿನ ಆಳ ಎರಡೂ ಕಡೆ ಒಂದೇ. ಇಲ್ಲಿನ ಉಳ್ಳಾರ್ತಿ ಕಾವಲ್ ಅಮೃತಮಹಲ್ ರಾಸುಗಳು ಮೇದ ಹುಲ್ಲುಗಾವಲು. ಅದರ ಒಂದು ಭಾಗ ಈಗ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕೂ ಇಸ್ರೋಗೂ ಹೋಗಿದೆ. ಪಕ್ಕದ ವರವು ಕಾವಲಿನಲ್ಲಿ ಡಿಆರ್‌ಡಿಒ ಪರೀಕ್ಷಾ ವಲಯ, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇನ್ನೊಂದು ಅಂಗಳ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ರೆಕ್ಕೆವಾಹನ ಹೆಲಿಕಾಪ್ಟರಿನಿಂದ ಬಿಡಿಸಿಕೊಂಡು ತಾನೇ ದಾರಿ ಹುಡುಕಿ ಇಳಿದದ್ದು ಇಲ್ಲಿನ ರನ್‌ವೇ ಮೇಲೆ. ಬೇಲಿಯ ಒಳಗೆ ಇಷ್ಟು ವಿಜ್ಞಾನ. ಬೇಲಿಯ ಹೊರಗೆ, ಐದು ರೂಪಾಯಿ ನಾಣ್ಯ ಹಾಕಿ ಇಪ್ಪತ್ತು ಲೀಟರ್ ಕ್ಯಾನು ತುಂಬಿಸುವ ಶುದ್ಧ ನೀರಿನ ಘಟಕದ ಮುಂದೆ ಬೈಕುಗಳ ಸಾಲು. ಚಿತ್ರದುರ್ಗ ಜಿಲ್ಲೆಯ ಫ್ಲೋರೈಡ್ ಹಳೆಯ ಸಂಗತಿ. ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡ, ಕೂಡ್ಲಿಗಿ ಸೀಮೆಗೆ ತುಂಗಭದ್ರಾ ಹಿನ್ನೀರು ತರುವ ಯೋಜನೆ ಕೈಗೊಂಡದ್ದರ ಹಿಂದೆಯೂ ಇದೇ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ.

ಇಲ್ಲಿನ ತಟ್ಟೆಯೂ ಬದಲಾಗಿದೆ. ಮುದ್ದೆ ಇದೆ, ಜೋಳದ ರೊಟ್ಟಿ ಇದೆ, ನವಣೆ ಹಬ್ಬಕ್ಕೋ ಶೋಕಿಗೋ ಎಂಬಂತಾಗಿದೆ, ರೇಷನ್ ಅಕ್ಕಿಯ ಅನ್ನ ಎಲ್ಲರ ಮನೆಯಲ್ಲೂ ಇದೆ. ಪೆಲಾಗ್ರಾ ಅಪರೂಪವಾಗಲು ಒಂದು ಕಾರಣ ಬರೀ ಜೋಳ ಉಣ್ಣುವವರು ಕಡಿಮೆಯಾದದ್ದು. ಅದರ ಜಾಗಕ್ಕೆ ಶುಗರ್, ಬಿ.ಪಿ. ಬಂದಿವೆ. ಶುಗರ್ ಬಂದವರಿಗೆ ಊರೆಲ್ಲ ಡಾಕ್ಟರೇ. ಅನ್ನ ಬಿಡಿ, ಮುದ್ದೆ ತಿನ್ನಿ ಎಂದು ಒಬ್ಬರು, ಮುದ್ದೆ ಬೇಡ, ಜೋಳದ ರೊಟ್ಟಿ ಎಂದು ಇನ್ನೊಬ್ಬರು, ಸಿರಿಧಾನ್ಯವೇ ಮದ್ದು ಎಂದು ಮತ್ತೊಬ್ಬರು. ವಾಟ್ಸಾಪಿನಲ್ಲಿ ಬಂದ ಡಯಟ್ ಚಾರ್ಟು ಅತ್ತೆಯಿಂದ ಸೊಸೆಗೆ, ಸೊಸೆಯಿಂದ ತವರಿಗೆ ಹೋಗುತ್ತದೆ. ಚಾರ್ಟು ಬರೆದವರಿಗೆ ಉಳ್ಳಾರ್ತಿಯ ಬೋರ್‌ವೆಲ್ಲಿನ ನೀರು ಗೊತ್ತಿಲ್ಲ, ಅದನ್ನು ಓದುವವರ ಕಿಡ್ನಿಯೂ ಗೊತ್ತಿಲ್ಲ.

ಕಿಡ್ನಿಯ ಮಾತು ಸುಮ್ಮನೆ ಎತ್ತಲಿಲ್ಲ. ಒಳಗೆ ಹೋದ ಫ್ಲೋರೈಡ್ ಹೊರಹೋಗುವ ಮುಖ್ಯ ದಾರಿ ಅದೇ. ಶುಗರ್ ಹತೋಟಿಯಲ್ಲಿಲ್ಲದವರಿಗೆ ದಾಹ ಹೆಚ್ಚು, ದಾಹಕ್ಕೆ ನೀರು ಹೆಚ್ಚು, ನೀರಿನ ಜೊತೆ ಫ್ಲೋರೈಡೂ ಹೆಚ್ಚು. ಅದೇ ಶುಗರ್ ವರ್ಷಗಳ ಮೇಲೆ ಕಿಡ್ನಿಯನ್ನು ತಿಂದರೆ ಬಂದ ಫ್ಲೋರೈಡ್ ಹೋಗುವುದು ಕಡಿಮೆ. ಬಿಸಿಲಲ್ಲಿ ಶೇಂಗಾ ಕೀಳುವ ಕೂಲಿಯವಳು ಕುಡಿಯುವ ನೀರು ಫ್ಯಾನಿನ ಕೆಳಗೆ ಕೂತ ಗುಮಾಸ್ತನ ನೀರಿಗಿಂತ ಎಷ್ಟೋ ಪಾಲು ಜಾಸ್ತಿ. ಇಬ್ಬರಿಗೂ ಶುಗರ್ ಇದೆ, ಇಬ್ಬರ ತಾಲ್ಲೂಕೂ ಒಂದೇ. ಇಬ್ಬರಿಗೂ ಒಂದೇ ಚಾರ್ಟು ಕೊಡುವುದೆಂದರೆ 1973ರಿಂದ 1977ರವರೆಗೆ ಕಲಿತದ್ದನ್ನೆಲ್ಲ ಮರೆತ ಹಾಗೆ.

ಕಲಿತ ಡಯಟೀಷಿಯನ್ ಮುಂದೆ ಕೂತರೆ ಮೊದಲು ಚಾರ್ಟು ಬರುವುದಿಲ್ಲ, ಪ್ರಶ್ನೆ ಬರುತ್ತದೆ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಏನೇನು ಹೋಯಿತು ಹೇಳಿ. ಬೆಳಿಗ್ಗೆ ಟೀ ಅಂದಿರಿ, ಎಷ್ಟು ಲೋಟ? ಎಷ್ಟು ಚಮಚ ಸಕ್ಕರೆ? ಮುದ್ದೆ ಅಂದಿರಿ, ಎಷ್ಟು ದಪ್ಪದ್ದು? ಇಲ್ಲಿ ಕೈಮುಷ್ಟಿ ಸಾಲುವುದಿಲ್ಲ. ಒಂದು ಮನೆಯ ಒಂದು ಮುದ್ದೆ ಇನ್ನೊಂದು ಮನೆಯಲ್ಲಿ ಎರಡಾಗುತ್ತದೆ, ಅದಕ್ಕೇ ಅವರು ಅಳತೆಯ ಬಟ್ಟಲು ಮುಂದಿಟ್ಟು ಇಷ್ಟೋ ಅಷ್ಟೋ ಎಂದು ತೋರಿಸಿ ಕೇಳುತ್ತಾರೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಎಪ್ಪತ್ತು ಗ್ರಾಮಿನ ಆಸುಪಾಸು ಕಾರ್ಬೋಹೈಡ್ರೇಟ್ ಇರುವಾಗ, ರಾಗಿಯಾದ್ದರಿಂದ ಎಷ್ಟಾದರೂ ಉಣ್ಣಬಹುದು ಎಂಬ ನಂಬಿಕೆ ಆ ಬಟ್ಟಲಿನ ಮುಂದೆ ನಿಲ್ಲುವುದಿಲ್ಲ. ಅದೇ ರಾಗಿಯ ಕ್ಯಾಲ್ಸಿಯಂ ನೂರು ಗ್ರಾಮಿಗೆ 340 ಮಿಲಿಗ್ರಾಂ ದಾಟುತ್ತದೆ, ಫ್ಲೋರೈಡ್ ಸೀಮೆಯಲ್ಲಿ ಅದು ದೊಡ್ಡ ಆಸರೆ. ಕಿಡ್ನಿ ಸೋತು ರಕ್ತದಲ್ಲಿ ಕ್ರಿಯಾಟಿನಿನ್ ಏರಿದವರ ವಿಷಯಕ್ಕೆ ಬಂದಾಗ ಲೆಕ್ಕ ಮತ್ತೆ ಬೇರೆ. ಬೇಳೆ, ಕಾಳು, ರಾಗಿ ಎಲ್ಲವನ್ನೂ ರಕ್ತದ ವರದಿ ನೋಡಿಕೊಂಡೇ ಇಳಿಸಬೇಕು, ಏರಿಸಬೇಕು. ಬಿಡಿಸುವುದು, ಉಣ್ಣಿಸುವುದು ಎರಡೂ ಅದೇ ಧಾನ್ಯವನ್ನೇ.

ಡಯಟೀಷಿಯನ್ನರ ಈ ಲೆಕ್ಕದ ಪುಸ್ತಕವೂ ಮೆಕ್ಯಾರಿಸನ್ನರ ಅದೇ ಕೂನೂರಿನ ಕೂಸು. ಅಲ್ಲಿ ನಿರ್ದೇಶಕರಾಗಿದ್ದ ವ್ಯಾಲೇಸ್ ಐಕ್ರಾಯ್ಡ್ ಭಾರತೀಯ ಆಹಾರಗಳ ಪೌಷ್ಟಿಕಾಂಶದ ಪಟ್ಟಿ ಹೊರತಂದದ್ದು 1937ರಲ್ಲಿ, ನೆಲ್ಲೂರಿನ ವರದಿ ಬಂದ ವರ್ಷವೇ, ನಯಾಸಿನ್ ಪತ್ತೆಯಾದ ವರ್ಷವೇ. ಗೋಪಾಲನ್ ಮತ್ತು ಸಂಗಡಿಗರು ಅದನ್ನು 1971ರಲ್ಲಿ ಹೊಸದಾಗಿ ಕಟ್ಟಿದರು. 2017ರ ಪಟ್ಟಿಯಲ್ಲಿ ದೇಶದ ಆರು ವಲಯಗಳಿಂದ ತಂದ 528 ಆಹಾರಗಳಿವೆ. ಹೀಗೆ ಬೆಳೆದ ಪಟ್ಟಿಯಾದರೂ ಅದು ಸರಾಸರಿಯೇ. ಯಾವ ಊರಿನ ಜೋಳವನ್ನೂ ಅದು ಹೆಸರಿಟ್ಟು ಕರೆಯುವುದಿಲ್ಲ. ಸರಾಸರಿಯಿಂದ ನಿಮ್ಮ ತಟ್ಟೆಗೆ ಇಳಿಯುವ ಕೊನೆಯ ಮೆಟ್ಟಿಲನ್ನು ಎದುರಿಗೆ ಕೂತ ಮನುಷ್ಯರೇ ಇಳಿಸಬೇಕು. ಆ ಕಸುಬಿನವರ ಭಾರತೀಯ ಸಂಘ 1963ರಲ್ಲಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಗೋಪಾಲನ್ನರೇ. ಪದವಿ, ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ತರಬೇತಿ, ಆಮೇಲೆ ಪರೀಕ್ಷೆ ಆದವರು ನೋಂದಾಯಿತ ಡಯಟೀಷಿಯನ್. 2021ರ ಕೇಂದ್ರ ಕಾಯ್ದೆ ಈ ಕಸುಬನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಪ್ರೋಟೀನ್ ಪುಡಿಯ ಡಬ್ಬ ಮಾರುತ್ತಾ ಬೋರ್ಡು ಹಾಕಿಕೊಂಡವರಿಗೂ ಇವರಿಗೂ ಇರುವ ಫರಕು ಕೇಳಿದರೆ ಗೊತ್ತಾಗುತ್ತದೆ: ಎಲ್ಲಿ ಓದಿದಿರಿ, ನೋಂದಣಿ ಇದೆಯೇ? ಈ ಪ್ರಶ್ನೆ ಕೇಳಲು ನಮ್ಮವರಿಗೆ ಸಂಕೋಚ. ಟ್ರ್ಯಾಕ್ಟರ್ ಕೊಳ್ಳುವಾಗ ಇಲ್ಲದ ಸಂಕೋಚ.

ಹೀಗೆ ಒಬ್ಬೊಬ್ಬರನ್ನೂ ಕೂರಿಸಿ ಮಾತಾಡಿಸಿದರೆ ಪ್ರಯೋಜನವಾಗುತ್ತದೆ ಎನ್ನುವುದಕ್ಕೆ ಫ್ಲೋರೈಡಿನ ವಿಷಯದಲ್ಲೇ ಒಂದು ನಿದರ್ಶನವಿದೆ. ಫ್ಲೋರೋಸಿಸ್ ಅಧ್ಯಯನಕ್ಕೇ ಹೆಸರಾದ ಎ.ಕೆ. ಸುಶೀಲಾ ಮತ್ತು ಸಂಗಡಿಗರು ದೆಹಲಿಯಲ್ಲಿ ರಕ್ತಹೀನತೆಯ ಬಸುರಿಯರನ್ನು ನೋಡಿದರು. ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಿದ್ದವರನ್ನೇ ಆರಿಸಿಕೊಂಡು ಒಂದು ಗುಂಪಿಗೆ ಎರಡು ಬಗೆಯ ಸಲಹೆ ಕೊಟ್ಟರು. ಫ್ಲೋರೈಡ್ ಎಲ್ಲೆಲ್ಲಿಂದ ಬರುತ್ತಿದೆಯೋ ಅದನ್ನು ತಪ್ಪಿಸುವುದು ಒಂದು. ನೀರು ಮಾತ್ರವಲ್ಲ, ಹಾಲಿಲ್ಲದ ಕಪ್ಪು ಟೀ, ಚಾಟಿನ ಮೇಲೆ ಉದುರಿಸುವ ಕಪ್ಪು ಉಪ್ಪು ಕೂಡ. ಹಾಲು, ಸೊಪ್ಪು, ತರಕಾರಿ, ಹಣ್ಣು ಕೂಡಿಸುವುದು ಇನ್ನೊಂದು. 2010ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬಂದ ಅವರ ವರದಿಯ ಪ್ರಕಾರ ಸಲಹೆ ಪಾಲಿಸಿದವರ ಮೂತ್ರದ ಫ್ಲೋರೈಡ್ ಇಳಿಯಿತು, ಹಿಮೋಗ್ಲೋಬಿನ್ ಏರಿತು, ಮಕ್ಕಳು ತೂಕವಾಗಿ ಹುಟ್ಟಿದವು. ಕಬ್ಬಿಣದ ಮಾತ್ರೆ ನುಂಗಿಯೂ ರಕ್ತ ಏರದ ಬಸುರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಅವರಲ್ಲಿ ಎಷ್ಟು ಜನರ ನೀರನ್ನು ಯಾರು ಕೇಳಿದ್ದಾರೆ?

ಉಳ್ಳಾರ್ತಿಯ ಕಡೆಯಿಂದ ಚಿತ್ರದುರ್ಗಕ್ಕೋ ದಾವಣಗೆರೆಗೋ ಡಯಟೀಷಿಯನ್ ಹುಡುಕಿಕೊಂಡು ಹೊರಡುವವರು ರಕ್ತದ ವರದಿಯ ಜೊತೆ ನೀರಿನ ವರದಿಯನ್ನೂ ಒಯ್ಯುವುದು ಒಳ್ಳೆಯದು. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಫ್ಲೋರೈಡ್ ಅಳೆಯುತ್ತಾರೆ. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು, ತುಂಬಿ, ಯಾವ ಬೋರಿನದೆಂದು ಬರೆದು ಕೊಡಬೇಕು. ಬಾಟಲಿ ಎರಡು ಇರಲಿ. ಒಂದು ಕುಡಿಯುವ ನೀರಿನದು, ಇನ್ನೊಂದು ಅಡುಗೆಯದು. ಕ್ಯಾನಿನ ನೀರು ಕುಡಿಯುವ ಎಷ್ಟೋ ಮನೆಗಳಲ್ಲಿ ಮುದ್ದೆಯ ಎಸರು ಕುದಿಯುವುದು, ಬೇಳೆ ಬೇಯುವುದು ಈಗಲೂ ಬೋರಿನ ನೀರಿನಲ್ಲೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ, ಹಿಟ್ಟು ಆ ನೀರನ್ನೆಲ್ಲ ಹೀರಿಕೊಂಡು ಮುದ್ದೆಯಾಗುತ್ತದೆ.